ಅಟ್ಟದ ಮೇಲಿದ್ದ ಕ್ಲಾರಿಯೋನೆಟ್

ಹೋದ ಮಾಘದಲ್ಲಿ ತಿಪಟೂರಿನ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಛತ್ರದ ಹಿಂಬದಿಯ ಜಗಲಿಯಲ್ಲಿ ಬ್ಯಾಂಡಿನವರು ಟೋಪಿ ತೆಗೆದಿಟ್ಟು ಕಾಫಿ ಕುಡಿಯುತ್ತಿದ್ದರು. ಅವರಲ್ಲೊಬ್ಬ ತನ್ನ ಕ್ಲಾರಿಯೋನೆಟ್ಟನ್ನು ತುಂಡು ತುಂಡಾಗಿ ಬಿಚ್ಚಿ, ದಾರಕ್ಕೆ ಕಟ್ಟಿದ ಬಟ್ಟೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು ಒಳಗಿನ ತೇವ ಒರೆಸುತ್ತಿದ್ದ. ಕೈ ತೊಳೆಯಲು ಅತ್ತ ಹೋದವಳು ಅಲ್ಲೇ ನಿಂತೆ. ನೆನೆದ ಕಾರ್ಕಿನ ಬಿರಡೆಯ ವಾಸನೆ, ಉಗುಳಿನ ವಾಸನೆ, ಅದರ ಮೇಲೆ ತೆಳ್ಳಗೆ ಎಣ್ಣೆಯ ವಾಸನೆ. ಇದನ್ನು ಸುವಾಸನೆ ಎಂದು ಯಾರೂ ಅನ್ನಲಾರರು. ನನಗೆ ಮಾತ್ರ ಅದು ಹೊನ್ನವಳ್ಳಿ ಹತ್ತಿರದ ನಮ್ಮ ಹಳೆಯ ಮನೆಯ ನಡುಮನೆಯ ವಾಸನೆ, ನಮ್ಮ ಚಿಕ್ಕಪ್ಪ ನಂಜಣ್ಣನ ಹೆಗಲ ಮೇಲಿನ ಟವಲಿನ ವಾಸನೆ. ನಿಮಗೂ ಇಂಥದೊಂದು ಇದ್ದೀತು, ಇನ್ನೊಬ್ಬರ ಎದುರು ಹೇಳಿಕೊಳ್ಳಲು ಸಂಕೋಚವಾಗುವಂಥದು. “ಮರದ್ದೇನಪ್ಪ ಇದು?” ಎಂದು ಕೇಳಿದೆ. “ಮರದ್ದೆಲ್ಲಿ ಅಕ್ಕ ಈಗ. ಪ್ಲಾಸ್ಟಿಕ್ಕು. ಮರದ್ದು ಬಾಳಿಕೆ ಬರಲ್ಲ ಕಣಕ್ಕ,” ಎಂದ.

ಮದುವೆ ಮನೆಯಲ್ಲಿ ವಾದ ಯಾಕೆಂದು ಕೈ ತೊಳೆದು ಬಂದೆ. ಆದರೆ ಆ ಮಾತು ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿತು, ನನ್ನೊಡನೆ ಬಸ್ಸನ್ನೂ ಹತ್ತಿತು. ಮರದ ಕ್ಲಾರಿಯೋನೆಟ್ ಬಾಳಿಕೆ ಬರುವುದಿಲ್ಲ, ಹೆಚ್ಚೆಂದರೆ ಮೂವತ್ತು ವರ್ಷ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಸುಳ್ಳೆಂದು ಗೊತ್ತಿದ್ದೇ ಹೇಳುತ್ತಿದ್ದೆ. ಆ ಸುಳ್ಳು ಹುಟ್ಟಿದ ಮನೆ ಈಗ ಇಲ್ಲ. ಅದು ಕಾಪಾಡಬೇಕಿದ್ದವರೂ ಉಳಿದಿಲ್ಲ. ಇನ್ನು ನಿಜ ಬರೆಯಬಹುದು.

ನಮ್ಮದು ತೆಂಗಿನ ಮನೆ. ಅಂದರೆ ಮನೆಯ ಮುಕ್ಕಾಲು ಪಾಲು ತೆಂಗಿಗೆ, ಉಳಿದದ್ದು ನಮಗೆ. ಅಡುಗೆಮನೆ ಮತ್ತು ನಡುಮನೆಯ ಮೇಲೆ ಉದ್ದಕ್ಕೂ ಅಡಿಕೆ ದಬ್ಬೆ ಹಾಸಿದ ಅಟ್ಟವಿತ್ತು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಕೊಬ್ಬರಿಗೆಂದು ಬಿಟ್ಟ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಅಲ್ಲಿ ಅದು ಹತ್ತು ಹನ್ನೆರಡು ತಿಂಗಳು ಕೂತಿರುತ್ತದೆ. ಕೆಳಗಿನಿಂದ ಒಲೆಯ ಹೊಗೆ, ಮೇಲಿನಿಂದ ಹೆಂಚಿನ ಕಾವು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯಲು ಒಡೆಯಬೇಕಾಗಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ನೀರು ಕುಲುಕಿದರೆ ಇನ್ನೂ ಹಸಿ, ಲೊಡಲೊಡ ಎಂದರೆ ಕೊಬ್ಬರಿ. ನಮ್ಮ ಅಜ್ಜಿಯ ಕಿವಿ ಈ ವಿಷಯದಲ್ಲಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅಟ್ಟ ಅವಳ ರಾಜ್ಯ. ಏಣಿ ಇಡಲು ಅಪ್ಪನೂ ಅವಳನ್ನು ಕೇಳಬೇಕಿತ್ತು. ಬಿತ್ತನೆಯ ಅವರೆ, ಮದುವೆಯ ಸೀರೆ, ಜಮೀನಿನ ಕಾಗದದ ಟ್ರಂಕು, ಮನೆಗೆ ಬೇಕಾದದ್ದೆಲ್ಲ ಕಾಯಿಗಳ ನಡುವೆ ಅಲ್ಲೇ ಇರುತ್ತಿತ್ತು. ನಮ್ಮಲ್ಲಿ ಜೋಪಾನ ಮಾಡು ಅನ್ನುವುದಕ್ಕೆ ಅಟ್ಟಕ್ಕೆ ಹಾಕು ಎನ್ನುತ್ತಿದ್ದರು. ಕೆಳಗಿದ್ದರೆ ಕೆಡುವುದು ಮೇಲಿದ್ದರೆ ಸುಧಾರಿಸುತ್ತದೆ ಎಂಬುದರಲ್ಲಿ ಅಜ್ಜಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಚಿಕ್ಕಪ್ಪ ಮೈಸೂರಿಗೆ ಓದಲು ಹೋಗಿ, ಸರ್ಟಿಫಿಕೇಟಿನ ಬದಲು ಕ್ಲಾರಿಯೋನೆಟ್ ತಂದವನು. ಬ್ಯಾಂಡಿನಿಂದ ನಿವೃತ್ತರಾದ ಒಬ್ಬ ಹಿರಿಯರು ಅವನಿಗೆ ಒಂದಿಷ್ಟು ಕಲಿಸಿ, ತಮ್ಮ ವಾದ್ಯವನ್ನೂ ಕೊಟ್ಟು ಕಳಿಸಿದ್ದರಂತೆ. ಆಗಲೇ ಅದು ಒಬ್ಬರ ಜೀವಮಾನದಷ್ಟು ಊದಿಸಿಕೊಂಡಿತ್ತು. ಆಫ್ರಿಕದ ಯಾವುದೋ ಕರಿಮರ. ಕಬ್ಬಿಣದಷ್ಟು ಭಾರ. ಬೆರಳು ಕೂರುವ ಕಡೆಗಳಲ್ಲಿ ಕಪ್ಪು ಹೋಗಿ ಹಳೆಯ ಬೆಲ್ಲದ ಬಣ್ಣ ಬಂದಿತ್ತು. ಬೆಳ್ಳಿಯ ನೀರು ಹಾಕಿದ ಕೀಲಿಗಳಲ್ಲಿ ಹಿತ್ತಾಳೆಯ ಹಳದಿ ಇಣುಕುತ್ತಿತ್ತು. ತೂತುಗಳ ಅಂಚು ಸವೆದು ನುಣ್ಣಗಾಗಿತ್ತು. ತುಂಡು ತುಂಡು ಸೇರುವ ಕಡೆಯ ಬಿರಡೆ ಕುಗ್ಗಿದ್ದರಿಂದ ಚಿಕ್ಕಪ್ಪ ಅದಕ್ಕೆ ಮೇಣ ಸವರಿದ ದಾರ ಸುತ್ತುತ್ತಿದ್ದ. ವಾದ್ಯಕ್ಕೂ ಮನುಷ್ಯನ ಹಾಗೆ ಕೀಲುಗಳಲ್ಲೇ ಮೊದಲು ವಯಸ್ಸಾಗುವುದು ಎಂದು ಅವನು ನಗುತ್ತಿದ್ದ. ಮಧ್ಯಾಹ್ನ ತೋಟದಿಂದ ಬಂದು, ಕೈಕಾಲು ತೊಳೆದು, ಜಗಲಿಯ ಕಂಬಕ್ಕೆ ಒರಗಿ ಊದುತ್ತಿದ್ದ. ಸುತ್ತಲ ಹಳ್ಳಿಗಳ ನಾಟಕಗಳಿಗೆ ಹಾರ್ಮೋನಿಯಂ ಜೊತೆ ಅವನು ಬೇಕೇ ಬೇಕು. ಶ್ರಾವಣದ ಭಜನೆಗೂ ಬೇಕು. ಇದನ್ನು ಬಿಟ್ಟರೆ ಅವನು ಬೇರೇನನ್ನೂ ಆಸೆಪಟ್ಟಿದ್ದನ್ನು ನಾನು ಕಾಣೆ.

ಒಂದು ತಪ್ಪನ್ನು ನಮ್ಮ ಸೀಮೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಮರಕ್ಕೆ ಆಗಾಗ ಎಣ್ಣೆ ತೋರಿಸಬೇಕೆಂದು ಮೈಸೂರಿನ ಆ ಹಿರಿಯರು ಹೇಳಿದ್ದರು, ಯಾವ ಎಣ್ಣೆ ಎಂದು ಹೇಳಿರಲಿಲ್ಲ. ತಲೆಗೆ, ಮೈಗೆ, ದೀಪಕ್ಕೆ, ಬಾಗಿಲ ಕೀಲಿಗೆ ಒಂದೇ ಎಣ್ಣೆ ಬಳಸುವ ಮನೆಯಲ್ಲಿ ಆ ಪ್ರಶ್ನೆಯೇ ಏಳಲಿಲ್ಲ. ಚಿಕ್ಕಪ್ಪ ಕೊಬ್ಬರಿ ಎಣ್ಣೆಯನ್ನೇ ಧಾರಾಳವಾಗಿ ಬಳಿದ. ಬೇಸಿಗೆಯೆಲ್ಲ ಚೆನ್ನಾಗಿಯೇ ನಡೆಯಿತು. ಚಳಿಗಾಲದ ಒಂದು ಬೆಳಿಗ್ಗೆ, ಯಾರದೋ ಗೃಹಪ್ರವೇಶದಲ್ಲಿ, ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಕ್ಲಾರಿಯೋನೆಟ್ಟಿನಲ್ಲೂ ಗಟ್ಟಿಯಾಯಿತು. ಕೀಲಿಗಳ ಕೆಳಗಿನ ಮೆತ್ತೆಗಳು ತೂತಿಗೆ ಅಂಟಿಕೊಂಡವು. ಚಿಕ್ಕಪ್ಪ ಕೆನ್ನೆ ಉಬ್ಬಿಸಿದ್ದೇ ಬಂತು, ದನಿ ಬರಲಿಲ್ಲ. ಆಮೇಲೆ ತಿಪಟೂರಿನ ಬಾಷಾ ಸಾಬರ ಹತ್ತಿರ ಹೋದ. ಹೊಲಿಗೆ ಯಂತ್ರ, ಹಾರ್ಮೋನಿಯಂ, ಬ್ಯಾಂಡಿನ ತುತ್ತೂರಿ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದವರು ಅವರು. “ಕೊಬ್ರಿ ಎಣ್ಣೆ ನಿಮ್ಮ ತಲೆಗೆ ಹಚ್ಕಳಿ ನಂಜಣ್ಣ, ಇದಕ್ಕೆ ಬಾದಾಮಿ ಎಣ್ಣೆ, ಅದೂ ಎರಡೇ ತೊಟ್ಟು,” ಎಂದು ಒಂದು ಸಣ್ಣ ಶೀಷೆ ಕೊಟ್ಟರು. ಅಜ್ಜಿಗೆ ಮಾತ್ರ ಈ ವಿಷಯದಲ್ಲಿ ಸಾಬರ ಮೇಲೆ ಕೊನೆಯವರೆಗೂ ಮುನಿಸಿತ್ತು.

ನನಗೆ ಹತ್ತು ವರ್ಷವಾಗಿದ್ದಾಗ ಚಿಕ್ಕಪ್ಪನಿಗೆ ಕೆಮ್ಮು ಹಿಡಿಯಿತು. ಕೆಮ್ಮು ಹೋಗಲಿಲ್ಲ, ಟವಲಿನಲ್ಲಿ ರಕ್ತ ಕಾಣಿಸಿತು. ತಿಪಟೂರಿನ ಡಾಕ್ಟರು ಎದೆಯ ಫೋಟೋ ತೆಗೆಸಿ, ಟಿ.ಬಿ. ಎಂದರು. ದಿನಾ ಇಂಜೆಕ್ಷನ್, ಮಾತ್ರೆ, ಮೊಟ್ಟೆಯ ಬದಲು ಹಾಲು ತುಪ್ಪ, ಹೊರಗಿನ ಕೋಣೆಯಲ್ಲಿ ಹಾಸಿಗೆ. ಒಂದು ವರ್ಷ ಊದುವ ಹಾಗಿಲ್ಲ. ಚಿಕ್ಕಪ್ಪ ಎಲ್ಲಕ್ಕೂ ತಲೆಯಾಡಿಸಿದ. ಕೊನೆಯದಕ್ಕೆ ಮಾತ್ರ, “ವರ್ಷ ಆದ ಮ್ಯಾಲೆ ಊದಬೌದಾ?” ಎಂದು ಕೇಳಿದನಂತೆ. ನೋಡೋಣ ಎಂದರಂತೆ ಡಾಕ್ಟರು. ಆ ನೋಡೋಣ ಎಂಬುದನ್ನು ಹಿಡಿದುಕೊಂಡು ಅವನು ವರ್ಷ ಕಳೆದ. ಗೋಡೆಯ ಕಡೆ ತಿರುಗಿ ಮಲಗಿದ್ದರೂ ಹೊದಿಕೆಯ ಮೇಲೆ ಬೆರಳುಗಳು ಆಡುತ್ತಿದ್ದವು. ಬಾಗಿಲಲ್ಲಿ ನಿಂತು ಅದನ್ನು ನೋಡಿ ನನಗೆ ಅಳು ಬರುತ್ತಿತ್ತು.

ಕ್ಲಾರಿಯೋನೆಟ್ಟಿನ ಪೆಟ್ಟಿಗೆ ಅವನ ಕೋಣೆಯಲ್ಲಿದ್ದರೆ ಅವನು ಸುಮ್ಮನಿರುವುದಿಲ್ಲ ಎಂದು ಅಜ್ಜಿ ಅದನ್ನು ಎತ್ತಿಕೊಂಡಳು. ಹಳೆಯ ಧೋತರದಲ್ಲಿ ಸುತ್ತಿ, ನಡುವೆ ಬೇವಿನ ಸೊಪ್ಪು ಇಟ್ಟು, ತಾನೇ ಏಣಿ ಹತ್ತಿ ಅಟ್ಟದ ಮೇಲಿಟ್ಟಳು. ಎಲ್ಲೋ ಒಂದು ಕಡೆ ಅಲ್ಲ, ಒಲೆಯ ನೇರಕ್ಕೆ, ಎಲ್ಲಕ್ಕಿಂತ ಬೆಚ್ಚಗಿದ್ದ ಜಾಗದಲ್ಲಿ. ಅಲ್ಲಿಡಲು ಒಂದು ಸಾಲು ಕಾಯನ್ನೇ ಅತ್ತ ಸರಿಸಿದ್ದಳು. “ಅವನ ಎದೆಗೂ ತೇವ ತಾಗಬಾರ್ದು, ಇದಕ್ಕೂ ತಾಗಬಾರ್ದು,” ಎಂದಳು. ಸೋಮವಾರ ಸೋಮವಾರ ಮೇಲೆ ಹತ್ತಿ, ಪೆಟ್ಟಿಗೆಯ ಮೇಲಿನ ಮಸಿ ಒರೆಸಿ, ಬೇವು ಬದಲಾಯಿಸಿ ಇಳಿಯುತ್ತಿದ್ದಳು. ಮಳೆಗಾಲದಲ್ಲಿ ಒಂದು ಕಡೆ ಹೆಂಚು ಸೋರಿದಾಗ ಕಾಗದದ ಟ್ರಂಕಿಗಿಂತ ಮೊದಲು ಅವಳು ಎಳೆದದ್ದು ಇದನ್ನು. ಮಗನ ಆಯಸ್ಸನ್ನೇ ಅಲ್ಲಿ ಕಟ್ಟಿಟ್ಟ ಹಾಗೆ ನಡೆದುಕೊಳ್ಳುತ್ತಿದ್ದಳು. ನಮಗೆ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಚಿಕ್ಕಪ್ಪನಿಗೂ ಕಾಣಲಿಲ್ಲ. ಅವನೂ ಆ ಮನೆಯಲ್ಲೇ ಹುಟ್ಟಿದವನಲ್ಲವೇ.

ವರ್ಷ ತುಂಬಿ ಇನ್ನೊಂದು ತಿಂಗಳಾದ ಮೇಲೆ ಡಾಕ್ಟರು ಹೊಸ ಫೋಟೋವನ್ನು ಕಿಟಕಿಗೆ ಹಿಡಿದು ನೋಡಿ, ಎದೆ ವಾಸಿಯಾಗಿದೆ, ದಿನಕ್ಕೆ ಐದು ನಿಮಿಷದಿಂದ ಶುರು ಮಾಡಿ ಎಂದರು. ಮನೆಗೆ ಬಂದ ಚಿಕ್ಕಪ್ಪ ಕೋಟು ಬಿಚ್ಚಲಿಲ್ಲ. ಅಜ್ಜಿ ಆಗಲೇ ಏಣಿ ಹತ್ತಿದ್ದಳು. ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಇಳಿದು ಬಂದು, ಅವನ ಕೈಗೆ ಕೊಡುವ ಮೊದಲು, ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಲೊಡಲೊಡ ಎಂದಿತು. ಅವಳ ಮುಖ ಅರಳಿತು. “ಚೆನ್ನಾಗ್ ಒಣಗೈತೆ ಕಣ್ಲಾ ನಂಜ,” ಎಂದಳು.

ಲೊಡಲೊಡ ಎಂದದ್ದು ಬೆಳ್ಳಿಯ ಬಳೆಗಳು. ತುಂಡುಗಳ ತುದಿಗೆ ಬಿಗಿಯಾಗಿ ಕೂತಿದ್ದ ಅವು, ಮರ ಕುಗ್ಗಿ ಸಡಿಲಾಗಿ, ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದವು. ಚಿಕ್ಕಪ್ಪ ಮೇಲಿನ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಉದ್ದಕ್ಕೆ ಇಳಿದಿತ್ತು. ಕೆಳಗಿನ ತುಂಡನ್ನು ಎತ್ತಿದ. ಅದರಲ್ಲಿ ಗೆರೆಯಲ್ಲ, ಉಗುರು ಹಿಡಿಯುವಷ್ಟು ಬಿರುಕು, ಕೊನೆಯ ತೂತನ್ನು ಸೀಳಿಕೊಂಡು ಹೋಗಿತ್ತು. ನಾನು ಅವನ ಮೊಣಕೈ ಹತ್ತಿರವೇ ಇದ್ದೆ. ಅವನ ಮುಖದ ಬಣ್ಣ ಹೋದದ್ದನ್ನು ಕಂಡೆ. ವರ್ಷವೆಲ್ಲ ಹಾಸಿಗೆಯಲ್ಲಿದ್ದಾಗಲೂ ಅವನು ಹಾಗೆ ಕಂಡಿರಲಿಲ್ಲ. ಅಜ್ಜಿ ಎದುರಿಗೆ ನಿಂತು ಅವನು ಊದುವುದನ್ನೇ ಕಾಯುತ್ತಿದ್ದಳು. ಅವನು ಪೆಟ್ಟಿಗೆ ಮುಚ್ಚಿದ. “ಬಿರಡೆ ಹಾಕಿಸ್ಬೇಕು ಕಣವ್ವ. ತಿಪಟೂರಿಗೆ ಹೋಗಿ ಬತ್ತೀನಿ,” ಎಂದವನು, ಹೊರಡುವಾಗ ನನ್ನನ್ನೂ ಕರೆದುಕೊಂಡ. ನಾನು ಅಲ್ಲಿದ್ದರೆ ಬಾಯಿಬಿಟ್ಟೇನು ಎಂಬ ಭಯ ಇದ್ದಿರಬೇಕು.

ಬಾಷಾ ಸಾಬರು ಕನ್ನಡಕವನ್ನು ಹಣೆಗೇರಿಸಿ, ತುಂಡುಗಳನ್ನು ಒಂದೊಂದಾಗಿ ಮೂಸಿ ನೋಡಿದರು. ನೋಡುವ ಮೊದಲು ಮೂಸಿದ್ದು ನನಗೆ ಇನ್ನೂ ನೆನಪಿದೆ. “ಎಲ್ಲಿ ಮಡಗಿದ್ರಿ ಇದನ್ನ? ಹೊಗೆ ವಾಸನೆ ಹೊಡೀತದೆ,” ಎಂದರು. “ಅಟ್ಟದ ಮ್ಯಾಲೆ. ಒಲೆ ನೇರಕ್ಕೆ,” ಎಂದೆ ನಾನು. ಸಾಬರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅವರಿಗೂ ತೆಂಗಿನ ಸೀಮೆ ಹೊಸದಲ್ಲ. “ಕಾಯಿಗೆ ನೀರು ಹೋದ್ರೇನೆ ಒಳ್ಳೇದು. ಇದು ಹಂಗಲ್ಲ ನಂಜಣ್ಣ. ಇಷ್ಟು ವರ್ಷ ನಿಮ್ಮ ಉಸಿರಿನ ತೇವ ಕುಡ್ಕೊಂಡಿದ್ದ ಮರ. ಬರೀ ಊದೋದು ನಿಂತಿದ್ರೆ ತಡ್ಕೊಳ್ಳೋದು. ಕಾವಿಗೂ ಮಡಗಿದ್ರೆ ಎಲ್ಲಿ ತಡ್ಕೊಳ್ತದೆ,” ಎಂದರು. ಮರದ ವಾದ್ಯ ಎಷ್ಟು ವರ್ಷ ಬರುತ್ತದೆ ಎಂದು ನಾನು ಕೇಳಿದೆ. ಬಾಯಲ್ಲಿ ಹಿಡಿದು ಊದುವ ನಾಲಿಗೆಯ ಕಡ್ಡಿ ಹದಿನೈದು ದಿನ, ಮೆತ್ತೆ ಒಂದೆರಡು ವರ್ಷ, ಬಿರಡೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಇವೆಲ್ಲ ಬದಲಾಯಿಸುವ ಸಾಮಾನು ಎಂದರು. ಮರಕ್ಕೆ ಲೆಕ್ಕವಿಲ್ಲವಂತೆ. ಸವೆಯುತ್ತದೆ, ಒಳಗಿನ ಕೊಳವೆ ಚೂರು ಆಕಾರ ಬಿಡುತ್ತದೆ, ದನಿ ಮೆತ್ತಗಾಗುತ್ತದೆ, ಆದರೆ ನೋಡಿಕೊಂಡರೆ ಮೂರು ತಲೆಮಾರು ಊದಬಹುದು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, “ಮೇಲಿನದು ಕೂಡಿಸ್ತೀನಿ. ಕೆಳಗಿನದು ತೂತಿನ ಬಾಯಿಗೇ ಹೋಗಿದೆ. ಅಲ್ಲಿ ಗಾಳಿ ನಿಲ್ಲಲ್ಲ. ಕೆಳಗಿನ ಕೊನೇ ಸ್ವರ ಮರ್ತುಬಿಡಿ,” ಎಂದರು.

ವಾಪಸು ಬಸ್ಸಿನಲ್ಲಿ ಹೊನ್ನವಳ್ಳಿಗೆ ಬಂದೆವು. ಇಳಿದು ತೋಟದ ದಾರಿ ಹಿಡಿದ ಮೇಲೆ ಚಿಕ್ಕಪ್ಪ ನಿಂತು, “ಗಿರಿಜ, ಅಟ್ಟದ ವಿಷ್ಯ ಅಜ್ಜಿಗೆ ಗೊತ್ತಾಗಬ್ಯಾಡ ಕಣೇ,” ಎಂದ. ಮರದ್ದು ಇಷ್ಟೇ ವರ್ಷ ಬರೋದಂತೆ, ಅದಕ್ಕೆ ವಯಸ್ಸಾಗಿತ್ತಂತೆ ಅನ್ನು ಎಂದ. ನಾನು ಹೂಂ ಅಂದೆ. ಅಜ್ಜಿ ಬಾಗಿಲಲ್ಲೇ ಕಾದಿದ್ದಳು. ಕೇಳಿದ ತಕ್ಷಣ ನಾನು ಪಾಠ ಒಪ್ಪಿಸಿದೆ, ಮೂವತ್ತು ವರ್ಷ ಎಂದು ನನ್ನದೊಂದು ಲೆಕ್ಕವನ್ನೂ ಸೇರಿಸಿದೆ. “ಮೂವತ್ತಕ್ಕೇ ವಯಸ್ಸಾಯ್ತದಾ?” ಎಂದು ಅಜ್ಜಿ ನನ್ನನ್ನೂ ಅವನನ್ನೂ ನೋಡಿ ಒಳಗೆ ಹೋದಳು. ಆಮೇಲೆ ಯಾರು ಕೇಳಲಿ ಬಿಡಲಿ, ಶಾಲೆಯಲ್ಲಿ, ನೆಂಟರ ಮನೆಯಲ್ಲಿ, ನಾನು ಅದನ್ನೇ ಹೇಳಿದೆ. ಎಲ್ಲಿಂದಾದರೂ ತಿರುಗಿ ಅಜ್ಜಿಯ ಕಿವಿಗೆ ಬಿದ್ದರೆ ಅದೇ ಬೀಳಲಿ ಎಂದು.

ಹದಿನೈದು ದಿನದ ಮೇಲೆ ವಾದ್ಯ ಬಂತು. ಸಾಬರು ಕರಿಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಿರುಕುಗಳಿಗೆ ತುಂಬಿ, ಮೇಲೆ ತಾಮ್ರದ ತಂತಿ ಸುತ್ತಿ, ಸಡಿಲ ಬಳೆಗಳ ಕೆಳಗೆ ಕಾಗದ ಕೊಟ್ಟು ಬಿಗಿ ಮಾಡಿದ್ದರು. ಒಣಗಿದ ಮರಕ್ಕೆ ಒಮ್ಮೆಲೇ ತೇವ ಕೊಡಬಾರದು, ದಿನಕ್ಕೆ ಐದೇ ನಿಮಿಷ ಎಂದು ಹೇಳಿ ಕಳಿಸಿದ್ದರು. ಡಾಕ್ಟರು ಹೇಳಿದ್ದೂ ಅಷ್ಟೇ. ಹೀಗೆ ಇಬ್ಬರಿಗೂ ಒಂದೇ ಪಥ್ಯವಾಯಿತು. ಮೊದಲ ದಿನ ಚಿಕ್ಕಪ್ಪ ಊದಿದಾಗ ಅಪ್ಪ, ಅಮ್ಮ, ಕಾಯಿ ಸುಲಿಯುವವರು, ಎಲ್ಲರೂ ಕೆಲಸ ಬಿಟ್ಟು ನಿಂತರು. ದನಿ ತೆಳುವಾಗಿತ್ತು, ನಡುವೆ ಎರಡು ಸಲ ಕಿರುಗುಟ್ಟಿತು. ಅಜ್ಜಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಒಳಗೆ ಅವಳು ಸೆರಗಿನಲ್ಲಿ ಕಣ್ಣು ಒರೆಸುವುದನ್ನು ನಾನು ನೋಡಿದೆ. ಸಂತೋಷಕ್ಕೆ ಎಂದುಕೊಂಡೆ.

ಅಲ್ಲಿಂದ ಮುಂದೆ ಕ್ಲಾರಿಯೋನೆಟ್ ಹೊಸ ರೀತಿಯಲ್ಲಿ ಹಳೆಯದಾಯಿತು. ತಾಮ್ರದ ತಂತಿ ಹಸಿರುಗಟ್ಟಿತು. ತುಂಬಿದ ಅಂಟು ಮಾಸಲಾಗಿ ಎದ್ದು ಕಂಡಿತು. ಮರ ಮತ್ತೆ ತೇವ ಕುಡಿದು ಬಳೆಗಳನ್ನು ತಾನೇ ಬಿಗಿ ಮಾಡಿಕೊಂಡಿತು, ದನಿ ಗುಂಡಗಾಯಿತು. ಚಿಕ್ಕಪ್ಪ ಮತ್ತೆ ನಾಟಕಗಳಿಗೆ ಹೋದ. ಹುಳಿಯಾರಿನ ಕಡೆಯಿಂದಲೂ ಕರೆ ಬಂತು. ಅವನ ಎದೆಯ ಕಾಯಿಲೆ ಮತ್ತೆ ಬರಲಿಲ್ಲ. ಅವನು ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ, ಬೇರೆ ಕಾರಣಕ್ಕೆ. ಆ ಹೊತ್ತಿಗೆ ಮನೆ ಪಾಲಾಗಿ, ಅಟ್ಟ ಇಳಿಸಿ, ಹೆಂಚು ತೆಗೆದು ತಾರಸಿ ಹಾಕಿದ್ದರು. ವಾದ್ಯ ಈಗ ನನ್ನ ತಮ್ಮನ ಬೀರುವಿನಲ್ಲಿದೆ. ಆ ಮದುವೆಯಿಂದ ಬಂದ ಮೇಲೆ ಹೋಗಿ ನೋಡಿದೆ. ಮೆತ್ತೆಗಳನ್ನು ಹುಳು ತಿಂದಿದೆ. ಬಿರಡೆ ಮುಟ್ಟಿದರೆ ಪುಡಿಯಾಗುತ್ತದೆ. ಮರ ಹಾಗೇ ಇದೆ. ಆ ಬ್ಯಾಂಡಿನ ಹುಡುಗ ಹೇಳಿದ್ದು ತಪ್ಪು. ಮರ ಬಾಳುತ್ತದೆ, ಊದುವವರು ಬಾಳುವುದಿಲ್ಲ. ಇದಕ್ಕೆ ಯಾವ ರಿಪೇರಿಯೂ ಇಲ್ಲ ಎಂದು ನನಗೆ ಬೇಸರವಿದೆ.

ಇನ್ನೊಂದು ಸಂಗತಿ ಉಳಿದಿದೆ. ನಾನು ತಿಪಟೂರಿನಲ್ಲಿ ಕಾಲೇಜಿಗೆ ಸೇರಿದ ವರ್ಷ ಅದು. ಒಂದು ಭಾನುವಾರ ಮಧ್ಯಾಹ್ನ ನಾನೂ ಅಜ್ಜಿಯೂ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆವು. ಚಿಕ್ಕಪ್ಪ ಕಂಬಕ್ಕೆ ಒರಗಿ ಊದುತ್ತಿದ್ದ. ಕಾಯಿಲೆಗೆ ಮೊದಲು ಅವನು ಯಾವ ಹಾಡನ್ನೇ ಊದಲಿ, ಕೊನೆಯಲ್ಲಿ ಮೆಲ್ಲಗೆ ಇಳಿದಿಳಿದು ಎಲ್ಲಕ್ಕಿಂತ ಕೆಳಗಿನ ಸ್ವರದಲ್ಲಿ ನಿಂತು ಮುಗಿಸುತ್ತಿದ್ದ. ರಿಪೇರಿಯಾದ ಮೇಲೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೇ ತಿರುಗಿಕೊಂಡು ಬೇರೆ ದಾರಿಯಲ್ಲಿ ಮುಗಿಸುವುದನ್ನು ರೂಢಿಸಿಕೊಂಡಿದ್ದ. ಎಷ್ಟು ನಾಜೂಕಾಗಿ ಅಂದರೆ, ಜೊತೆಯ ಹಾರ್ಮೋನಿಯಂನವರಿಗೂ ಗೊತ್ತಾಗಿರಲಿಲ್ಲ. ಅವತ್ತೂ ಹಾಗೆಯೇ ಮುಗಿಸಿ, ಬಟ್ಟೆಗೆ ಕೈ ಹಾಕಿದ. ಅಜ್ಜಿ ತಲೆಯೆತ್ತದೆ, “ನಂಜ, ಮೊದ್ಲು ಕೊನೇಲಿ ಒಂದು ದಪ್ಪ ದನಿ ಬತ್ತಿತ್ತಲ್ಲ ಮಗ. ಅದ್ಯಾಕೆ ಈಗ ಊದಲ್ಲ?” ಎಂದಳು.

“ಮರ್ತೋಗೈತೆ ಕಣವ್ವ,” ಎಂದ ಚಿಕ್ಕಪ್ಪ.

“ಮರ್ತಿಲ್ಲ ಬುಡು. ನಾನು ಅಟ್ಟಕ್ಕೆ ಮಡಗಿದ ಮ್ಯಾಲೆ ಅದು ಬಂದಿಲ್ಲ. ಅವತ್ತಿಂದ ಕೇಳ್ತಾನೇ ಇವ್ನಿ.”

ಏಳು ವರ್ಷ. ಏಳು ವರ್ಷ ಅವಳು ಪ್ರತಿ ಹಾಡಿನ ಕೊನೆಯಲ್ಲೂ ಆ ಸ್ವರಕ್ಕಾಗಿ ಕಾದಿದ್ದಳು, ಅದು ಬಾರದೆ ಇದ್ದಾಗಲೆಲ್ಲ ತಾನೇ ಕಾರಣ ಎಂದು ಒಬ್ಬಳೇ ಅಂದುಕೊಂಡಿದ್ದಳು. ನಾವು ಅವಳನ್ನು ಕಾಪಾಡಿದೆವು ಎಂದುಕೊಂಡು ಊರೆಲ್ಲ ಸುಳ್ಳು ಹೇಳಿದ್ದೆವು. ಚಿಕ್ಕಪ್ಪ ನನ್ನ ಕಡೆ ನೋಡಿದ. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. ಅವನು ಕ್ಲಾರಿಯೋನೆಟ್ಟನ್ನು ಮತ್ತೆ ಎತ್ತಿ, ಎಲ್ಲ ತೂತುಗಳನ್ನೂ ಮುಚ್ಚಿ, ಆ ಕೆಳಗಿನ ಸ್ವರವನ್ನು ಊದಿದ. ಅದು ಒಡೆದ ಮಡಕೆಯ ದನಿಯಲ್ಲಿ, ಗಾಳಿ ಸೋರುತ್ತಾ, ಗೊರಗೊರ ಎನ್ನುತ್ತಾ ಬಂತು. ರಿಪೇರಿಯಾದ ಮೇಲೆ ಯಾರಿಗೂ ಅವನು ಅದನ್ನು ಕೇಳಿಸಿರಲಿಲ್ಲ. ಉಸಿರು ಮುಗಿಯುವವರೆಗೂ ಬಿಡಲಿಲ್ಲ.

ಅಜ್ಜಿ ಅವರೆಕಾಯಿಯ ಮೊರದಲ್ಲಿ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು. “ಐತಲ್ಲ,” ಎಂದಳು. “ಹೆಂಗಾರ ಇರ್ಲಿ, ಅದನ್ನೂ ಊದು.”

ಅವತ್ತಿನಿಂದ ಚಿಕ್ಕಪ್ಪ ಯಾವ ಹಾಡನ್ನೂ ಅಲ್ಲಿಗೆ ಇಳಿಯದೆ ಮುಗಿಸಲಿಲ್ಲ. ನಾಟಕದವರು ಮುಖ ಮುಖ ನೋಡಿಕೊಂಡರೂ ಬಿಡಲಿಲ್ಲ. ಮಾರನೆಯ ವರ್ಷ ಅಜ್ಜಿ ಹೋದಳು. ಆಮೇಲೂ ಅವನು ಹಾಗೆಯೇ ಊದಿದ.